ಬಚ್ಚಲ ಹಿಡಿಗೆ ಬಂದ ತುಕ್ಕು

ಲೋ ವೆಲ್ಡರ್ ಮಹಾಶಯ,

ಎದ್ದ ತಕ್ಷಣ ಬಚ್ಚಲಿಗೆ ಹೋಗು. ಅಜ್ಜಿ ಹಿಡ್ಕೊಂಡು ಏಳಲಿ ಅಂತ ನೀನು ಗೋಡೆಗೆ ಕೂರಿಸಿದ ಸ್ಟೀಲ್ ಹಿಡಿಯನ್ನು ಕಣ್ಣುಬಿಟ್ಟು ನೋಡು. ಪೈಪು ಫಳಫಳ ಹೊಳೀತಿದೆ. ನೀನು ವೆಲ್ಡಿಂಗ್ ಮಾಡಿದ ಜಾಗ ಮಾತ್ರ ತುಕ್ಕು ಹಿಡಿದು, ಬಿರುಕು ಬಿಟ್ಟು ಕೂತಿದೆ. ಸ್ಟೇನ್‌ಲೆಸ್ ಸ್ಟೀಲಿಗೆ ಗೇಟು ಬೆಸೆಯೋ ಕಬ್ಬಿಣದ ವೆಲ್ಡಿಂಗ್ ರಾಡ್ ಹಾಕಿದ್ದೀಯಲ್ಲ, ತಲೇಲಿ ಏನು ಲದ್ದಿ ತುಂಬ್ಕೊಂಡಿದ್ದೀಯಾ? ಕಬ್ಬಿಣದ್ದು, ಸ್ಟೇನ್‌ಲೆಸ್ಸಿಂದು ಎರಡೂ ರಾಡನ್ನು ಒಂದೇ ಡಬ್ಬಿಗೆ ತುರುಕಬೇಡ ಅಂತ ಬಡ್ಕೊಂಡೆ. “ಅಂಟಿದ್ರೆ ಸಾಕು ಬಿಡಕ್ಕ” ಅಂದೆ. ಅಂಟಿಸೋಕೆ ಅದೇನು ಅಂಚೆ ಚೀಟಿಯಾ?

ನಾನು ಕೆಲಸಕ್ಕೆ ಹೊರಟೆ. ಯಾರಾದರೂ ಮರೆತು ಹಿಡಿದಾರು ಅಂತ ಅದಕ್ಕೆ ಟವೆಲ್ ಸುತ್ತಿ ಗಂಟು ಹಾಕಿದ್ದೀನಿ. ಅದನ್ನೇ ಬಿಚ್ಚಿ ಮೈ ಒರೆಸ್ಕೋಬೇಡ. ಹಿಡಿ ಕಿತ್ಕೊಂಡು ಶೆಡ್ಡಿಗೆ ಹೋಗು. ಹಳೇ ವೆಲ್ಡಿಂಗ್ ಪೂರ್ತಿ ಗ್ರೈಂಡ್ ಮಾಡಿ ತೆಗೆದು, ಸ್ಟೇನ್‌ಲೆಸ್ ರಾಡಿನಲ್ಲೇ ಮತ್ತೆ ಮಾಡು. ಮೇಲೆ ಬೆಳ್ಳಿ ಬಣ್ಣ ಬಳಿದು ನನ್ನ ಕಣ್ಣಿಗೆ ಮಣ್ಣೆರಚೋ ಆಟ ಬೇಡ. ತಿಂಡಿ ಒಲೆ ಮೇಲಿದೆ, ಅದನ್ನಾದರೂ ಸುಡದೆ ಬಿಸಿ ಮಾಡ್ಕೋ.

ಅಜ್ಜಿಗೆ ಏನೂ ಅನ್ನಬೇಡ. ಇಷ್ಟು ದಿನ ಆ ತುಕ್ಕು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ ಗೊತ್ತಾ? ದಿನಾ ನಾವು ಏಳೋ ಮುಂಚೆ ಅವಳು ಉಜ್ಜಿ ತೊಳೀತಿದ್ದಳು. ಇವತ್ತು ನನ್ನ ಕೈಗೆ ಸಿಕ್ಕಿಬಿದ್ದಳು.

“ಬಾಯಿ ಮುಚ್ಕೊಂಡಿರೇ. ಮಗು ಆಸೆಯಿಂದ ಮಾಡಿದೆ, ಬೇಜಾರು ಮಾಡ್ಕೊಳ್ಳುತ್ತೆ” ಅಂದಳು.

ಮತ್ತೆ ನೀನು ಏನು ಹಿಡ್ಕೊಂಡು ಏಳ್ತೀಯ ಅಂತ ಕೇಳಿದೆ. “ನಲ್ಲಿ” ಅಂದಳು.

ಆ ನಲ್ಲಿ ಪ್ಲಾಸ್ಟಿಕ್ಕಿಂದು ಕಣೋ, ಮಗು.