ಅಪ್ಪನ ಹಗ್ಗ ಹುಡುಕಬೇಡ

ಪುಟ್ಟಿ,

ನಿನ್ನ ಪೆಟ್ಟಿಗೆಯಿಂದ ನಿಮ್ಮಪ್ಪ ಬಂಡೆ ಹತ್ತುತ್ತಿದ್ದ ಹಗ್ಗ ತೆಗೆದವಳು ನಾನೇ. ಪರದೇಶದ ಊರುಗಳನ್ನು ನೋಡಿ ಕೊನೆಗೊಂದು ದಿನ ಅದೇ ಹಗ್ಗದಲ್ಲಿ ಬಂಡೆ ಹತ್ತುತ್ತೇನೆ ಎಂದೆಯಲ್ಲ, ಹತ್ತು. ಆದರೆ ಅವನು ತೀರಿಕೊಂಡ ಮೇಲೆ ಅವನ ಬಟ್ಟೆಗಳ ಜೊತೆ ಆ ಹಗ್ಗವನ್ನೂ ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ ತೊಳೆದಿದ್ದೆ. ಇಂದು ಅದನ್ನು ಹಗ್ಗದ ಅಂಗಡಿಯವನಿಗೆ ತೋರಿಸಿದೆ. "ಅಜ್ಜೀ, ನೋಡೋಕೆ ಗಟ್ಟಿ, ಭಾರ ಬಿದ್ರೆ ಪಟ್ಟಂತ ಹೋಗುತ್ತೆ" ಎಂದ.

ನೀನು ಹಟಮಾರಿ, ಅಪ್ಪನ ಮಗಳೇ. ಅದಕ್ಕೇ ಕತ್ತರಿಸಿಬಿಟ್ಟೆ. ದೇವರನ್ನು ನೆನೆದೇ ಕತ್ತರಿ ಹಿಡಿದೆ. ಗೇಣುದ್ದದ ಒಂದು ತುಂಡು ನಿನ್ನ ದಿಂಬಿನ ಕೆಳಗಿದೆ, ಜೇಬಿನಲ್ಲಿಟ್ಟುಕೋ. ಹತ್ತುವುದಕ್ಕೆ ಅಲ್ಲಿಯವರ ಹತ್ತಿರ ಹೊಸ ಹಗ್ಗ ಕೇಳು.

ಊಟ ಮುಚ್ಚಿಟ್ಟಿದ್ದೇನೆ, ಹಸಿದು ಹೊರಡಬೇಡ. ನಾನು ಪ್ರಾರ್ಥನೆಗೆ ಹೋಗಿದ್ದೇನೆ. ನಿನ್ನ ಮುಖ ನೋಡುವ ಧೈರ್ಯವಿಲ್ಲ. ಬೈಯುವುದಿದ್ದರೆ ಕ್ಷೇಮವಾಗಿ ಹಿಂತಿರುಗಿ ಬಂದು ಬೈ.

ಅಜ್ಜಿ