ಕನ್ನಡ ಬಾರದ ಡ್ಯೂರಾನ್

೮ ಜುಲೈ ೨೦೦೨, ಸೋಮವಾರ

ಪ್ರೊಸೆಸರಿನ ಕಥೆಯನ್ನು ನನಗೆ ಮೊದಲು ಹೇಳಿದವ ಕುಮಟೆಯ ಸಂಜಯ — ಹೋದ ಗುರುವಾರ, ಅವನ ಕಂಪ್ಯೂಟರ್ ಅಂಗಡಿಯಲ್ಲಿ. ಅದು ಕಂಪ್ಯೂಟರಿನ ಮಿದುಳಂತೆ. ಪೆಂಟಿಯಮ್ ಫೋರ್ ಒಂದು, ಡ್ಯೂರಾನ್ ಒಂದು. ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿದರೆ ಅಗ್ಗ, ಜೋಡಿಸಲು ತಾನೇ ನಮ್ಮೂರು ಕರ್ಕಿಗೆ ಬರುತ್ತೇನೆ ಎಂದಿದ್ದಾನೆ. ಕೈಯಲ್ಲಿರುವುದು ಇಪ್ಪತ್ತೈದು ಸಾವಿರ. ಡ್ಯೂರಾನ್ ಹಾಕಿದರೆ ಪ್ರಿಂಟರೂ ಬರುತ್ತದೆ. ಪೆಂಟಿಯಮ್ ಹಾಕಿದರೆ ಪ್ರಿಂಟರ್ ಇಲ್ಲ.

ಇವತ್ತೂ ಹೊನ್ನಾವರ ಕೋರ್ಟಿನ ಎದುರಿನ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟು ಕೂತೆ. ಮೂರೇ ಅರ್ಜಿ. ರಮಾನಂದ ವಕೀಲರು ಬಂದು, ಪಕ್ಕದ ಮೇಜಿನ ಟೈಪಿಸ್ಟ್ ದೇವರಾಜನಿಗೂ ಕೇಳುವಂತೆ ಹೇಳಿದರು: "ಆಗಸ್ಟ್ ಒಂದರಿಂದ ನನ್ನ ಕಾಗದ ಎಲ್ಲ ಕಂಪ್ಯೂಟರಿನಲ್ಲೇ ಆಗ್ಬೇಕು. ನಿಮ್ಮಿಬ್ಬರಲ್ಲಿ ಯಾರು ಮೊದ್ಲು ತರ್ತ್ರೋ ಅವರಿಗೆ ಕೆಲ್ಸ." ನನ್ನ ಮನೆ ನಡೆಯುವುದೇ ಅವರ ಕಾಗದದಿಂದ.

"ಮೆಗಾಹರ್ಟ್ಸ್ ಅಂದ್ರೆ ಎಂತ, ಮಾಬ್ಲೇಶ್ವರಣ್ಣ?" ದೇವರಾಜ ಕೇಳಿದ.

"ವೇಗ."

"ಎಂತದ್ರ ವೇಗ?"

ಗೊತ್ತಿಲ್ಲ. "ಎಲ್ಲಾದ್ರದ್ದೂ" ಎಂದೆ.

೧೩ ಜುಲೈ, ಶನಿವಾರ

ಎರಡನೇ ಶನಿವಾರ, ಕೋರ್ಟಿಗೆ ರಜೆ. ಕುಮಟೆಗೆ ಹೋದೆ. ಎಮ್ಮೆ ಕೊಳ್ಳುವಾಗ ಹಾಲು ಕರೆದು ನೋಡುತ್ತಾರೆ, ನಾನು ಟೈಪ್ ಹೊಡೆದು ನೋಡುತ್ತೇನೆ ಎಂದೆ. ಸಂಜಯ ಅಕ್ಕಪಕ್ಕದ ಎರಡು ಕಂಪ್ಯೂಟರ್ ತೋರಿಸಿ, ಬಸ್ಸಿಗೆ ಬಂದ ಪಾರ್ಸೆಲ್ ತರಲು ಹೋದ.

ಪೆಂಟಿಯಮ್‌ನಲ್ಲಿ ಕೀಲಿ ನೋಡದೆ ಹೊಡೆದೆ — "ವಾದಿಯು ವಿನಯಪೂರ್ವಕ ಅರಿಕೆ ಮಾಡುವುದೇನೆಂದರೆ". ತಪ್ಪಿಲ್ಲದೆ ಬಂತು. ಡ್ಯೂರಾನ್‌ನಲ್ಲೂ ಅದೇ ಬೆರಳು, ಅದೇ ಸಾಲು. ಬಂದದ್ದು ಮಾತ್ರ ಯಾವ ಊರಿನ ಭಾಷೆಯೋ… ಟ ಮೇಲೆ ಕ, ಕ ಮೇಲೆ ಒತ್ತು, ನಡುವೆ ಪ್ರಶ್ನೆಚಿಹ್ನೆ. ಮೂರು ಸಲ ಹೊಡೆದೆ. ಮೂರು ಸಲವೂ ಹಾಗೇ. ಇಪ್ಪತ್ತಾರು ವರ್ಷದಿಂದ ಟೈಪ್ ಹೊಡೆಯುವವ ನಾನು. ನಾಚಿಕೆಯಾಯಿತು. ಸಂಜಯ ಬರುವ ಮೊದಲೇ ಅಳಿಸಿದೆ.

"ಹೆಂಗನಿಸ್ತು?"

"ಯೋಚ್ನೆ ಮಾಡಿ ಹೇಳ್ತೆ."

ಡ್ಯೂರಾನ್‌ಗೆ ಕನ್ನಡ ಬಾರದು. ಕನ್ನಡ ಬರುವುದನ್ನು ತಂದರೆ ಪ್ರಿಂಟರಿಲ್ಲ. ಪ್ರಿಂಟರ್ ತಂದರೆ ಕನ್ನಡವಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ದಾರಿ ಎರಡಾದ ಕಡೆ ಒಬ್ಬಳು ಮುದುಕಿ ಕೂತಿರುತ್ತಿದ್ದಳು, ಹುಲಿ ಯಾವ ಕಡೆ ಎಂದು ಹೇಳಲಿಕ್ಕೆ. ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಅಂಥವರು ಯಾರೂ ಇರಲಿಲ್ಲ.

೧೫ ಜುಲೈ, ಸೋಮವಾರ

ಜಗಲಿಯಲ್ಲಿ ಈ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಉದ್ದವಾಯಿತು. ಡ್ಯೂರಾನ್ 'ವಾದಿ' ಎಂಬ ಶಬ್ದ ಕೇಳಿ ಹೆದರಿತು ಎಂದೂ ಸೇರಿಸಿದೆ. ಎಲ್ಲರೂ ನಕ್ಕರು. ದೇವರಾಜ ಮಾತ್ರ ಚೀಟಿಯಲ್ಲಿ ಬರೆದುಕೊಂಡ.

ಮನೆಯಲ್ಲಿ ಹೆಂಡತಿಗೂ ಹೇಳಿದೆ. ಮಾಲಿನಿ ನಗಲಿಲ್ಲ.

"ಅಲ್ಲ, ನಿಮ್ಮ ಟೈಪ್‌ರೈಟರಿಗೆ ಕನ್ನಡ ಬರ್ತದ್ಯಾ? ಬರೂದು ನಿಮ್ಮ ಬೆರಳಿಗೆ. ಹೋಗಿ ಸಂಜಯನ ಹತ್ರ ಕೇಳಿ. ನಾಚ್ಕೆ ಆದ್ರೆ ನಾ ಬಂದು ಕೇಳ್ತೆ."

೧೮ ಜುಲೈ, ಗುರುವಾರ

ಕೇಳಿದೆ. ಸಂಜಯ ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತುಬಿಟ್ಟ. ಕಂಪ್ಯೂಟರಿನಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ಬದಲಿಸಬಹುದಂತೆ. ಪೆಂಟಿಯಮ್ ಇದ್ದದ್ದರಲ್ಲಿ ಯಾರೋ ಗಿರಾಕಿಗಾಗಿ ಟೈಪ್‌ರೈಟರಿನ ಹಾಗೆ ಇಟ್ಟಿದ್ದ. ಇನ್ನೊಂದರಲ್ಲಿ ಇಟ್ಟಿರಲಿಲ್ಲ. ಅಷ್ಟೇ. ಬದಲಿಸಿಕೊಟ್ಟ. ಡ್ಯೂರಾನ್ ಇಡೀ ದಾವೆಯನ್ನೇ ಬರೆಯಿತು. ಡ್ಯೂರಾನಿಗೂ ಪ್ರಿಂಟರಿಗೂ ಮುಂಗಡ ಕೊಟ್ಟು ಬಂದೆ.

ಹೊನ್ನಾವರದಲ್ಲಿ ಬಸ್ ಇಳಿಯುವಾಗ ದೇವರಾಜ ಸಿಕ್ಕ. "ನಾಳೆ ಭಟ್ಕಳಕ್ಕೆ ಹೋಗ್ತೆ ಮಾಬ್ಲೇಶ್ವರಣ್ಣ. ಅಲ್ಲಿ ಭಾವನ ಗುರ್ತಿನ ಅಂಗಡಿ ಉಂಟು. ನೀವು ಹೇಳಿದ ಪೆಂಟಿಯಮ್ಮೇ ಸೈ. ಪ್ರಿಂಟರ್ ಮುಂದೆ ನೋಡುವಾ."

"ಹೌದಾ" ಎಂದೆ. ಕೀಲಿಯ ವಿಷಯ ಬಾಯಿಬಿಡಲಿಲ್ಲ.

ಹೇಳಿದರೆ ಅವನೂ ಪ್ರಿಂಟರ್ ತರುತ್ತಾನೆ. ಹೇಳದಿದ್ದರೆ ವಕೀಲರ ಕಾಗದ ನನ್ನದು.

೧೯ ಜುಲೈ, ಬೆಳಿಗ್ಗೆ ಆರು

ಭಟ್ಕಳದ ಬಸ್ ಏಳೂವರೆಗೆ. ಸೈಕಲ್ ಹತ್ತಿದರೆ ಹೊನ್ನಾವರ ಬಸ್‌ಸ್ಟ್ಯಾಂಡಿಗೆ ಅರ್ಧ ಗಂಟೆ.

ಎಂಟು

ಹೋಗಲಿಲ್ಲ.

೧ ಆಗಸ್ಟ್, ಗುರುವಾರ

ಹನ್ನೆರಡು ದಿನ ಬರೆಯಲಿಲ್ಲ. ನನ್ನ ಕಂಪ್ಯೂಟರಿನ ಮದರ್‌ಬೋರ್ಡ್ ಹುಬ್ಬಳ್ಳಿಯಿಂದ ಬರುವುದು ತಡವಾಯಿತು. ನಿನ್ನೆಯಷ್ಟೇ ಸಂಜಯ ಬಂದು ಜೋಡಿಸಿ, ಓಡಿಸಿ ತೋರಿಸಿ ಹೋದ. ಅಷ್ಟರಲ್ಲಿ ದೇವರಾಜನದು ಬಂದು ನಾಲ್ಕು ದಿನ. ಮೊದಲು ತಂದವನಿಗೇ ಕೆಲಸ — ವಕೀಲರು ಮಾತಿಗೆ ತಪ್ಪಲಿಲ್ಲ. ಅವನು ಎಲ್ಲ ಬರೆದು ಇಟ್ಟಿದ್ದಾನೆ. ಕಾಗದದ ಮೇಲೆ ತರಲು ಪ್ರಿಂಟರಿಲ್ಲ.

ಇವತ್ತು ಸಂಜೆ ಜಗಲಿಯಲ್ಲಿ ಉಳಿದ ಕಥೆ ಹೇಳಿದೆ. ವಕೀಲರೂ ಇದ್ದರು. ಕೀಲಿಯ ವಿಷಯ ಬಂದಾಗ ಅವರು ಹೊಟ್ಟೆ ಹಿಡಿದು ನಕ್ಕರು. ದೇವರಾಜ ಕೇಳಿದ:

"ನಿಮ್ಗೆ ಯಾವಾಗ ಗೊತ್ತಾತು?"

"ಹದಿನೆಂಟಕ್ಕೆ, ಗುರುವಾರ."

"ನಾ ಭಟ್ಕಳಕ್ಕೆ ಹೋದ್ದು ಶುಕ್ರವಾರ."

ಎದ್ದು ಹೋದ. ವಕೀಲರ ನಗು ಅರ್ಧಕ್ಕೆ ನಿಂತಿತು.

೨ ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಸ್ಕೂಟರ್ ಸದ್ದು. ವಕೀಲರು, ಹಿಂದೆ ದೇವರಾಜ. ಅವನ ಜೇಬಿನಲ್ಲಿ, ಬರೆದಿಟ್ಟ ಕಾಗದದ ಫ್ಲಾಪಿ. ನನ್ನ ಮುಖ ನೋಡಲಿಲ್ಲ.

"ಹತ್ತೂವರೆಗೆ ಕೋರ್ಟು. ನಾಲ್ಕು ಹಾಳೆ, ಹಾಕಿ ಕೊಡು" ಎಂದರು ವಕೀಲರು. ಮಾಲಿನಿ ಅವರನ್ನು ಒಳಗೆ ಚಹಾಕ್ಕೆ ಕರೆದಳು. ದೇವರಾಜ ಹೊಸ್ತಿಲಲ್ಲೇ ನಿಂತ.

ಮುದ್ರಿಸಿದೆ. ಓದುತ್ತ ಹೋದೆ — ಅಭ್ಯಾಸ. ಮೊದಲ ಹಾಳೆಯಲ್ಲಿ ಗದ್ದೆಯ ಸರ್ವೆ ನಂಬರ್ ೪೧. ಮೂರನೆಯದರಲ್ಲಿ ೧೪. ಹಾಗೇ ಕೋರ್ಟಿಗೆ ಹೋದರೆ ದೇವರಾಜನ ಕೆಲಸ ಇವತ್ತಿಗೇ ಮುಗಿಯುತ್ತದೆ. ಆಮೇಲೆ ನಾನೇ.

ವಕೀಲರಿಗೆ ಕೇಳದ ಹಾಗೆ ದೇವರಾಜನನ್ನು ಕರೆದೆ. ಬೆರಳಿಟ್ಟು ತೋರಿಸಿದೆ. ಎರಡೂ ಹಾಳೆ ಹೋಲಿಸಿ ನೋಡಿದ. ಮತ್ತೆ ನನ್ನ ಕುರ್ಚಿಯಲ್ಲಿ ಕೂತು ತಿದ್ದಿದ. ಹೊಸ ಹಾಳೆ ಹಾಕಿದೆ. ಮೊದಲ ಸಾಲು ಇಳಿಯುತ್ತಿದ್ದಂತೆ ಅವ, ನನ್ನತ್ತ ತಿರುಗದೆ, "ಮೆಗಾಹರ್ಟ್ಸ್ ಅಂದ್ರೆ ಎಂತದ್ರ ವೇಗ, ಮಾಬ್ಲೇಶ್ವರಣ್ಣ?" ಎಂದ; "ನಂಗೂ ಗೊತ್ತಿಲ್ಲ" ಎಂದೆ.