ಫ್ಯಾನು ತಿರುಗುತ್ತಲೇ ಇತ್ತು

ಮನೆ,
ಹದಿನೇಳನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕೋನೇ,

ಹೇಗಿದ್ದೀಯ? ಕಲ್ಲುಗಣಿಯ ಧೂಳಿಗೆ ನಿನ್ನ ಕೆಮ್ಮು ಜಾಸ್ತಿಯಾಗಿಲ್ಲ ತಾನೆ? ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡು. ನೀನು ಹೇಳಿದ್ದು ಕೇಳುವ ಜಾತಿಯಲ್ಲ, ಆದರೂ ಹೇಳಬೇಕಾದವನು ಹೇಳಬೇಕು. ಎಡಗೈ ಹೆಬ್ಬೆರಳಿಗೆ ಬೆಲ್ಟು ಕಚ್ಚಿದ ಗಾಯ ಚಳಿ ಬಂದರೆ ಈಗಲೂ ಎಳೆಯುತ್ತದೆಯೇ? ನಿನ್ನ ಅತ್ತಿಗೆಗೆ ನೀನು ಬರೆದ ಕಾಗದವನ್ನು ಅವಳು ಅಡುಗೆಮನೆಯ ಡಬ್ಬಿಯಲ್ಲಿಟ್ಟಿದ್ದಾಳೆ. ಇದ್ದದ್ದು ನಾಲ್ಕು ಸಾಲು. ಊಟಕ್ಕೆ ತೊಂದರೆಯಿಲ್ಲ, ಮಷೀನುಗಳು ಹಳೆಯವು, ಮಲಗುವ ಕೋಣೆಯ ಕಿಟಕಿಗೆ ಗಾಜಿಲ್ಲ, ಅಪ್ಪನ ಉಸಿರು ಹೇಗಿದೆ. ನನ್ನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇರಬೇಕೆಂದು ನಾನು ಹೇಳುವ ಹಾಗೂ ಇಲ್ಲ.

ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನವಾಯಿತು. ಅಂದು ಬೆಳಿಗ್ಗೆಯೇ ನಿಮ್ಮ ಗಣಿಯ ಆಫೀಸಿಗೆ ಫೋನು ಮಾಡಿದೆ. ಗುಮಾಸ್ತ "ಅವನು ಬೇರೆ ಕಡೆ ಕ್ರಷರ್ ರಿಪೇರಿಗೆ ಹೋಗಿದ್ದಾನೆ, ಬಂದ್ಮೇಲೆ ಹೇಳ್ತೀವಿ" ಎಂದ. ಹೇಳಿದನೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೂ ನೀನು ಬರಲಿಲ್ಲವೆಂದರೆ ನಿನ್ನನ್ನು ಆಡಿಕೊಳ್ಳುವ ಬಾಯಿ ನನಗಿಲ್ಲ. ಮೊದಲ ಸಲ ಈ ಕಾಗದದಲ್ಲೇ ತಿಳಿಯುತ್ತಿದ್ದರೆ ಒಂದು ಕಡೆ ಕೂತುಕೋ, ನೀರು ಕುಡಿ. ಐದು ವಾರ ಹಾಸಿಗೆಯಲ್ಲಿದ್ದರು. ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ಶೆಡ್ಡು ಕಾಣುವ ಕಿಟಕಿಗೆ ತಲೆಯಿಟ್ಟು. ಮರದ ಹೊಟ್ಟು ಕುಡಿದ ಶ್ವಾಸಕೋಶ, ಇನ್ನೇನೂ ಮಾಡುವ ಹಾಗಿಲ್ಲ ಎಂದು ಆಸ್ಪತ್ರೆಯವರೇ ಮನೆಗೆ ಕಳಿಸಿದ್ದರು. ಕೊನೆಗೆ ಹೆಚ್ಚು ಒದ್ದಾಡಲಿಲ್ಲ. ನಮ್ಮ ಗಾಡಿಯಲ್ಲೇ ಹೋದರು, ನಾನೇ ಓಡಿಸಿದೆ.

ಆ ಗಾಡಿಯ ವಿಷಯವನ್ನೇ ನಿನಗೆ ಬರೆಯಬೇಕಾಗಿದೆ. ಏಳು ತಿಂಗಳು ತಡವಾಗಿದೆ.

ಆ ಉದ್ದನೆಯ ಹಳೇ ಕಾರನ್ನು ಅಪ್ಪ ತಂದು, ಹಿಂದಿನ ಸೀಟು ಕಿತ್ತು, ಹಲಗೆ ಹಾಸಿ, ಪೆಟ್ಟಿಗೆ ಸಲೀಸಾಗಿ ಜಾರಲೆಂದು ಮರದ ಉರುಳೆ ಕೂರಿಸಿದಾಗ ನಿನಗೆ ಇನ್ನೂ ಮೀಸೆ ಬಂದಿರಲಿಲ್ಲ. ಬಡಗಿಗೆ ಹೆಣದ ಗಾಡಿಯ ಉಸಾಬರಿ ಯಾಕೆ ಎಂದು ಬೀದಿಯವರು ನಕ್ಕಿದ್ದರು. "ನನ್ನ ಗಾಡಿ ಹತ್ತಿದೋರು ಇವತ್ತಿನವರೆಗೆ ಯಾರೂ ದೂರು ಹೇಳಿಲ್ಲ" ಎಂದು ಅಪ್ಪ ಅವರ ಬಾಯಿ ಮುಚ್ಚಿಸುತ್ತಿದ್ದರು. ಓಡಿಸುವುದು ನಾನು, ನೋಡಿಕೊಳ್ಳುವುದು ನೀನು. ನನಗೆ ನಿಧಾನಪ್ಪ ಎಂದು ಹೆಸರು ಬಿದ್ದದ್ದೂ ಆ ಗಾಡಿಯಿಂದಲೇ. ನಡೆಯುವವರ ಹಿಂದೆ ನಡೆಯುವಷ್ಟೇ ವೇಗದಲ್ಲಿ ಮೈಲಿಗಟ್ಟಲೆ ಹೋಗಬೇಕು, ಬ್ರೇಕು ಜರ್ಕು ಹೊಡೆಯಬಾರದು, ಹಾರನ್ನು ಮುಟ್ಟಬಾರದು.

ಮೇಷ್ಟ್ರನ್ನು ಸ್ಮಶಾನಕ್ಕೆ ಒಯ್ದ ದಿನ ನಿನಗೂ ನೆನಪಿದೆ. ಸೇತುವೆಯ ನಡುಮಧ್ಯೆ ಬಾನೆಟ್ಟಿನಿಂದ ಹಬೆ ಎದ್ದಿತು. ಮುಂದೆ ನಡೆಯುತ್ತಿದ್ದ ಅವರ ಹೆಂಡತಿ ತಿರುಗಿ ನೋಡಿ, ಏನಾಯಿತೆಂದು ತಿಳಿಯದೆ, ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು. ಮೇಷ್ಟ್ರ ಹತ್ತಿರ ಓದಿದವರೆಲ್ಲ ಕೋಟು ಬಿಚ್ಚಿ ಗಾಡಿ ತಳ್ಳಿದರು. ಮನೆಗೆ ಬಂದು ನೀನು ನೀರು ನೋಡಿದೆ, ಫ್ಯೂಸು ನೋಡಿದೆ, ರಿಲೇ ಬದಲಾಯಿಸಿದೆ. ಎಂಜಿನ್ನು ಕಾಯುವವರೆಗೆ ಬಿಟ್ಟು ಫ್ಯಾನಿಗಾಗಿ ಕಾದೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಮುಕ್ಕಾಲಿಗೆ ಬಂದ ತಕ್ಷಣ ಫ್ಯಾನು ತಿರುಗಿತು. ನೀನು ತಲೆ ಕೆರೆದುಕೊಂಡು ಕೇಳಿದೆ, "ಅಣ್ಣಾ, ಯಾರಾದ್ರೂ ವೈರು ಮುಟ್ಟಿದ್ರಾ?"

ನಾನು ಇಲ್ಲ ಎಂದೆ.

ಎರಡು ದಿನ ಕೊಡು, ಎಲ್ಲ ಬಿಚ್ಚಿ ನೋಡುತ್ತೇನೆ ಎಂದೆ ನೀನು. ನನಗೆ ಮಾರನೇ ದಿನವೇ ಗಾಡಿ ಬೇಕಿತ್ತು. ಮೂಲೆಯ ಗರಾಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಥರ್ಮೋಸ್ಟಾಟ್ ಬದಲಾಯಿಸಿದ, ರೇಡಿಯೇಟರ್ ತೊಳೆದ, ವಾಟರ್ ಪಂಪು ಹೊಸದು ಹಾಕಿದ. ದೊಡ್ಡ ರಸ್ತೆಯಲ್ಲಿ ಓಡಿಸಿದರೆ ಮುಳ್ಳು ಅರ್ಧ ದಾಟಲಿಲ್ಲ. ನೋಡಿದ್ಯಾ, ಇದಕ್ಕೆ ನಿನಗೆ ಎರಡು ದಿನ ಬೇಕಿತ್ತಾ ಎಂದು ನಿನ್ನನ್ನು ಹಂಗಿಸಿದೆ. ಆದರೆ ಜನರ ಹಿಂದೆ ನಡಿಗೆಯ ವೇಗದಲ್ಲಿ ಹೊರಟ ಕಾಲು ಗಂಟೆಗೆ ಮತ್ತೆ ಕುದಿಯಿತು, ಈ ಸಲ ಸ್ಮಶಾನದ ಗೇಟಿನಲ್ಲೇ. ಮೇಸ್ತ್ರಿ ಬಗ್ಗಿ ನೋಡಿ, "ಫ್ಯಾನೇನೋ ತಿರುಗ್ತಿದೆ. ಆದ್ರೆ ಇದು ಈ ಗಾಡೀದಲ್ಲ ಕಣಪ್ಪ, ಯಾವುದೋ ಗುಜರಿ ಮಾಲು. ಗಾಳಿ ಸಾಲ್ತಿಲ್ಲ" ಎಂದ.

ಆ ಒಂದು ಮಾತು ಹಿಡಿದುಕೊಂಡು ನಾನು ಮನೆಗೆ ಬಂದೆ. ಹಳೇ ಫ್ಯಾನಿನ ರೆಕ್ಕೆ ಮುರಿದಿತ್ತು, ಹೇಳಿಯೇ ಬೇರೆ ಹಾಕಿದ್ದೆ ಎಂದೆ ನೀನು. ಹಳೇದು ಎಲ್ಲಿ, ತೋರಿಸು ಎಂದೆ ನಾನು. ಗುಜರಿಗೆ ಹೋಯಿತು ಎಂದೆ ನೀನು. ಒಳ್ಳೇದನ್ನ ಮಾರ್ಕೊಂಡು ಕಸ ತಂದು ಕೂರಿಸಿದ್ದೀಯ ಎಂದು ಶೆಡ್ಡಿನ ಬಾಗಿಲಲ್ಲಿ ನಿಂತು, ಬೀದಿಗೆ ಕೇಳುವ ಹಾಗೆ ಹೇಳಿದೆ. ಅಪ್ಪ ಉಳಿ ಮಸೆಯುತ್ತಿದ್ದವರು ಕೈ ನಿಲ್ಲಿಸಿದರು. ನಿನ್ನ ಮುಖ ನೋಡದೆ, "ಸತ್ತೋರ ಗಾಡೀಲೂ ಕದೀತಾರೇನೋ" ಎಂದರು. ಅಷ್ಟೇ. ಅವರು ಬೈಯಲಿಲ್ಲ, ಬೈದಿದ್ದರೆ ನೀನೂ ತಿರುಗಿ ಕೂಗಾಡಿ, ಸಂಜೆಗೆ ಎಲ್ಲ ತಣ್ಣಗಾಗುತ್ತಿತ್ತು. ನೀನು ಸ್ಪ್ಯಾನರುಗಳನ್ನೆಲ್ಲ ಒರೆಸಿ, ಅಳತೆಯ ಪ್ರಕಾರ ಮೊಳೆಗೆ ನೇತುಹಾಕಿ, ಅತ್ತಿಗೆಗೆ ಮಾತ್ರ ಹೇಳಿ ಹೊರಟೆ. ಅದರಲ್ಲಿ ಅರ್ಧ ನಿನ್ನ ದುಡಿಮೆಯಲ್ಲಿ ಕೊಂಡವು. ಒಂದನ್ನೂ ಒಯ್ಯಲಿಲ್ಲ.

ನೀನು ಹೋದ ಮೇಲೆ ನಾನು ಪಟ್ಟ ಪಾಡು ಕೇಳಿದರೆ ನಗುತ್ತೀಯ. ನಗು, ಪರವಾಗಿಲ್ಲ. ಕಾಲಿಡುವ ಜಾಗದಲ್ಲೆಲ್ಲ ನೀರಿನ ಕ್ಯಾನು. ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಒಳಕ್ಕೆ ಎಳೆದರೆ ಮುಳ್ಳು ಇಳಿಯುತ್ತದೆಂದು ಸುಡುಬಿಸಿಲಲ್ಲಿ ಹೀಟರ್ ಹಾಕಿಕೊಂಡು ಓಡಿಸಿದೆ. ಪಕ್ಕದ ಸೀಟಿನಲ್ಲಿ ಕೂತ ಮನೆಯವರು ಅಳುವುದನ್ನು ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದರು. ಒಮ್ಮೆ ತಲೆ ಹೊರಗೆ ಹಾಕಿ "ಸ್ವಲ್ಪ ಬೇಗ ನಡೀರಪ್ಪಾ" ಎಂದೂ ಹೇಳಿಬಿಟ್ಟೆ. ಊರಿನ ಇನ್ನೊಂದು ಹೆಣದ ಗಾಡಿಯವನಿಗೆ, ನಮ್ಮ ಎದುರಾಳಿಗೆ, ಇಷ್ಟು ಸಾಕಾಯಿತು. ನಿಧಾನಪ್ಪನ ಗಾಡಿ ಸತ್ತವರನ್ನೂ ಬೇಯಿಸುತ್ತದೆ ಎಂದು ಮಾತು ಹಬ್ಬಿತು. ಕರೆಯುವವರು ಕಡಿಮೆಯಾದರು. ಅಷ್ಟರಲ್ಲಿ ಅಪ್ಪನೂ ಮಲಗಿದರು.

ಅಸಲು ತಪ್ಪನ್ನು ಹಿಡಿದವಳು ನಿನ್ನ ಅತ್ತಿಗೆ. ಅಪ್ಪ ಹೋಗುವುದಕ್ಕೆ ಒಂಬತ್ತು ದಿನ ಮುಂಚೆ, ಹನ್ನೊಂದು ಗಂಟೆಯ ಹೊತ್ತು. ನಾನು ಶೆಡ್ಡಿನಲ್ಲಿ ಎಂಜಿನ್ನು ಚಾಲೂ ಬಿಟ್ಟು, ಮೀಟರಿನ ಮುಳ್ಳನ್ನೇ ನೋಡುತ್ತ ಕೂತಿದ್ದೆ. ಅವಳು ಹಳೇ ಪೇಪರಿನಿಂದ ಗಾಜು ಒರೆಸುತ್ತಿದ್ದಳು. ಫ್ಯಾನು ತಿರುಗತೊಡಗಿದ್ದೇ ತಡ, ಗ್ರಿಲ್ಲಿನ ಮುಂದೆ ಬಂಪರಿನ ಮೇಲಿಟ್ಟಿದ್ದ ಪೇಪರು ಹಾರಿ ಅವಳ ಮುಖಕ್ಕೆ ಬಡಿಯಿತು. ಅವಳು ಪೇಪರು ಎತ್ತಿಕೊಂಡು ಮತ್ತೆ ಗ್ರಿಲ್ಲಿಗೆ ಹಿಡಿದಳು. ಮತ್ತೆ ಹಾರಿತು. "ರೀ, ಇದು ಗಾಳೀನ ಒಳಕ್ಕೆ ಎಳ್ಕೋಬೇಕಲ್ವಾ? ಬಿಸಿಗಾಳಿ ನನ್ನ ಮುಖಕ್ಕೇ ಹೊಡೀತಿದೆ."

ಚಿಕ್ಕೋನೇ, ಫ್ಯಾನು ತಿರುಗುತ್ತಿದೆ ಎಂದು ನೀನು ನೋಡಿದೆ, ನಾನು ನೋಡಿದೆ, ಮೇಸ್ತ್ರಿ ನೋಡಿದ. ಯಾವ ಕಡೆಗೆ ತಿರುಗುತ್ತಿದೆ ಎಂದು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಎಂಜಿನ್ನಿನ ಬಿಸಿಯನ್ನೇ ತಿರುಗಿಸಿ ರೇಡಿಯೇಟರಿಗೆ ಊದುತ್ತಿತ್ತು. ಜೋರಾಗಿ ಓಡಿಸಿದರೆ ಎದುರುಗಾಳಿಯೇ ತಣಿಸುತ್ತಿತ್ತು, ಫ್ಯಾನಿನ ಕೆಲಸವೇ ಬೀಳುತ್ತಿರಲಿಲ್ಲ. ನಮ್ಮದು ನಡಿಗೆಯ ಗಾಡಿ, ಅದಕ್ಕೆ ಫ್ಯಾನೇ ಗತಿ.

ವೈರು ಹಿಡಿದುಕೊಂಡು ಹಿಂದಕ್ಕೆ ಹೋದೆ. ಬ್ಯಾಟರಿಯ ಕೆಳಗೆ, ಕಾಣದ ಜಾಗದಲ್ಲಿ, ಒಂದು ಜೋಡಣೆ. ನೀಲಿ ಟೇಪು ಸುತ್ತಿತ್ತು. ನೀನು ಬೆಸುಗೆ ಹಾಕದೆ ಎರಡು ವೈರು ಸೇರಿಸಿದವನಲ್ಲ, ಇದು ಬರೀ ಕೈಯಲ್ಲಿ ತಿರುಚಿದ್ದು. ಬಿಚ್ಚಿದರೆ ಕೆಂಪು ಹೋಗಿ ಕರಿಗೆ, ಕರಿ ಹೋಗಿ ಕೆಂಪಿಗೆ ಸೇರಿತ್ತು. ಅದು ನನ್ನ ಕೆಲಸ. ಮೇಷ್ಟ್ರು ಹೋಗುವುದಕ್ಕೆ ಎರಡು ವಾರ ಮುಂಚೆ, ನೀನು ಲೈಸೆನ್ಸ್ ನವೀಕರಣಕ್ಕೆ ಹೋದ ದಿನ, ಸುಟ್ಟ ವಾಸನೆ ಬಂದು ನೋಡಿದರೆ ಫ್ಯಾನಿನ ವೈರಿನ ಸಾಕೆಟ್ಟು ಕರಗಿತ್ತು. ಸಾವಾದ ಮನೆಯವರು ಬಾಗಿಲಲ್ಲಿ ಕಾಯುತ್ತಿದ್ದರು. ಕತ್ತರಿಸಿ ತಿರುಚಿ ಟೇಪು ಸುತ್ತಿದೆ. ಅವರದು ದೊಡ್ಡ ರಸ್ತೆಯಲ್ಲಿ ದೂರದ ಊರು, ಮೇಷ್ಟ್ರವರೆಗೆ ನಡಿಗೆಯ ಕೆಲಸವೇ ಬರಲಿಲ್ಲ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಮರೆತೇ ಹೋಗಿತ್ತು ಎಂದು ಬರೆಯಲು ಕೈ ಎಳೆಯುತ್ತದೆ. ಮರೆತಿರಲಿಲ್ಲ. ವೈರು ಯಾರಾದರೂ ಮುಟ್ಟಿದ್ದಾರಾ ಎಂದು ನೀನು ಕೇಳಿದಾಗ ನೆನಪಾಗಿತ್ತು. ನನ್ನ ಕೈಗೆಲಸ ಕಂಡು ನೀನು ನಗುತ್ತೀಯ ಎಂದು ಇಲ್ಲ ಎಂದೆ. ಆಮೇಲೆ ಮಾತು ಮಾತು ಬೆಳೆದು ಅಲ್ಲಿಗೆ ಹೋದಾಗ, ಆ ಇಲ್ಲವನ್ನು ವಾಪಸು ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ವೈರು ಅದಲುಬದಲು ಮಾಡಿದೆ. ಅತ್ತಿಗೆ ಪೇಪರು ಹಿಡಿದಳು, ಅದು ಗ್ರಿಲ್ಲಿಗೆ ಅಂಟಿಕೊಂಡು ನಿಂತಿತು. ಒಂದು ಗಂಟೆ ಎಂಜಿನ್ನು ಬಿಟ್ಟೆ. ಮುಳ್ಳು ಅರ್ಧದಿಂದ ಮೇಲಕ್ಕೆ ಹೋಗಲಿಲ್ಲ. ನೀನು ಗುಜರಿಯಿಂದ ತಂದ ಫ್ಯಾನು ಒಳ್ಳೆಯ ಫ್ಯಾನು. ನಾನು ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ.

ಅಪ್ಪನಿಗೆ ಎಲ್ಲ ಹೇಳಿದೆ. ಆ ಮಧ್ಯಾಹ್ನವೇ ಮಂಚದ ಪಕ್ಕ ಕೂತು, ತಪ್ಪು ನನ್ನದು, ಚಿಕ್ಕೋನದ್ದಲ್ಲ ಎಂದೆ. ಕಣ್ಣಲ್ಲಿ ನೀರು ತಂದುಕೊಂಡರು. ಅವನಿಗೆ ಬರೋಕೆ ಹೇಳು ಎಂದರು. ಅಷ್ಟರಲ್ಲಿ ಉಸಿರಾಟ ಕೆಟ್ಟು, ಓಡಾಟದಲ್ಲಿ ನಿನಗೆ ತಿಳಿಸಲು ಆಗಲಿಲ್ಲ. ಅಷ್ಟು ಸಮಾಧಾನ ನಿನಗಿರಲಿ.

ಅವರ ದಿನ ಗಾಡಿ ಒಂದು ಹನಿ ನೀರು ಚೆಲ್ಲಲಿಲ್ಲ. ಸೇತುವೆ ದಾಟಿತು, ಗೇಟು ದಾಟಿತು. ನಾನು ರಸ್ತೆಗಿಂತ ಹೆಚ್ಚಾಗಿ ಮುಳ್ಳನ್ನೇ ನೋಡಿದೆ. ಎಷ್ಟೋ ಜನರ ಮುಂದೆ ಮಾನ ಕಳೆದ ಗಾಡಿ ಅಪ್ಪನ ಹೊತ್ತಿಗೆ ಹೂವಿನ ಹಾಗೆ ಓಡಿತು. ಆದರೆ ಹತ್ತು ದಿನಕ್ಕೆ ಆಯಿಲ್ಲು ಹಾಲು ಸುರಿದ ಚಹಾದ ಬಣ್ಣಕ್ಕೆ ತಿರುಗಿತು. ಅಷ್ಟು ಸಲ ಕುದ್ದು ಕುದ್ದು ಎಂಜಿನ್ನಿನ ತಲೆ ಸೊಟ್ಟಗಾಗಿದೆ, ಆಯಿಲ್ಲಿಗೆ ನೀರು ಇಳಿಯುತ್ತಿದೆ. "ಇನ್ನು ಇದಕ್ಕೆ ಕೈ ಹಚ್ಚಬೇಡ" ಎಂದು ಮೇಸ್ತ್ರಿ ಬಾನೆಟ್ಟು ಮುಚ್ಚಿದ. ನೀನಿದ್ದಿದ್ದರೆ ಏನಾದರೂ ಮಾಡುತ್ತಿದ್ದೆಯೇನೋ. ನೀನಿದ್ದಿದ್ದರೆ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ನಾನೀಗ ಎದುರಾಳಿಯ ಹತ್ತಿರವೇ ಡ್ರೈವರು. ಅವನ ಗಾಡಿ ಹೊಸದು, ಸದ್ದೇ ಬರುವುದಿಲ್ಲ.

ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಎಲ್ಲಿದ್ದರೂ ಮೈಯಲ್ಲಿ ಆರೋಗ್ಯ, ಕೈಯಲ್ಲಿ ಕೆಲಸ ಇರಲಿ ಎಂದು ಹರಸುತ್ತೇನೆ. ಹಿರಿಯನ ಹರಕೆಗೆ ಏನಾದರೂ ಬೆಲೆ ಉಳಿದಿದ್ದರೆ ಅದು ನಿನಗೆ ತಲುಪಲಿ. ಕಿಟಕಿಗೆ ಹಲಗೆಯಾದರೂ ಹೊಡೆಸಿಕೋ.

ಇಂತಿ,
ನಿನ್ನ ಅಣ್ಣ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಅತ್ತಿಗೆ ಕಾಗದ ಓದಿದಳು. "ಇದ್ರಲ್ಲೂ ಸುಳ್ಳು ಹಾಕ್ತೀರಾ?" ಎಂದು ಮೇಜಿನ ಮೇಲಿಟ್ಟು ಹೊರಗೆ ಹೋಗಿದ್ದಾಳೆ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಅಪ್ಪನಿಗೆ ನಾನು ಹೇಳಲಿಲ್ಲ. ಆ ಸಾಲುಗಳನ್ನು ಹೊಡೆದುಹಾಕಿಕೊಂಡು ಓದು. ಎಂಜಿನ್ನು ಒಂದು ಗಂಟೆ ನಿಲ್ಲದೆ ಓಡಿದ್ದು ಕೇಳಿ ಅವರೇ ಕಿಟಕಿಯಿಂದ ಕರೆದು, "ಸರಿ ಹೋಯ್ತಾ? ಏನಾಗಿತ್ತು?" ಎಂದರು. ಫ್ಯಾನು ಎಂದೆ. "ಹಾಗಾದ್ರೆ ಚಿಕ್ಕೋನ ಕೆಲಸಾನೇ?" ಎಂದು ನನ್ನ ಮುಖವನ್ನೇ ನೋಡಿದರು. ನಾನು ಹೂಂ ಎಂದೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಆಮೇಲೂ ಒಂಬತ್ತು ದಿನ ಇದ್ದರು, ಮಾತು ನಿಂತಿರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದೆ. ಕೊನೆಯ ದಿನ ಅತ್ತಿಗೆ ಅವರ ಕಿವಿಯ ಹತ್ತಿರ ಬಗ್ಗಿ, ಚಿಕ್ಕೋನನ್ನ ಕರೆಸಲಾ ಮಾವ ಎಂದು ಕೇಳಿದಳು. ಬೇಡ ಎಂದು ತಲೆಯಾಡಿಸಿದರು.